ಸಾಲೂದಿಲ್ಲ ಅನ್ನೋ ಸಾಲು

ಬೆಟಗೇರಿ
ಪಂಚಮಿಗೆ ಇನ್ನ ಹನ್ನೆರಡು ದಿನ

ಚಿ. ಸೌ. ತಂಗೆವ್ವಗ ನಿಮ್ಮ ದೊಡ್ಡವ್ವ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ತೊಟ್ಟಲದ ಸುದ್ದಿ, ಹೆಸರಿನ ಜಗಳ, ನಿಮ್ಮವ್ವನ ಮೊಣಕಾಲು, ಎಲ್ಲಾ ನಂಗ ಗೊತ್ತಿದ್ದದ್ದ. ಅದನ್ನ ಬಿಡತೀನಿ. ಕಡೀಕ, ಸಹಿ ಮಾಡೂಕಿಂತ ಮೊದಲ, ಅಂಚಿನ್ಯಾಗ ಸಣ್ಣ ಅಕ್ಷರದಾಗ ಒಂದು ಸಾಲು ತುರುಕೀದಿ. 'ನನ್ನ ಹಾಲು ಕೂಸಿಗೆ ಸಾಲೂದಿಲ್ಲ ಅನಸತೈತಿ ದೊಡ್ಡವ್ವಾ.' ಉಳದ ಕಾಗದೆಲ್ಲಾ ದುಂಡಗ ಬರದಾಕಿ, ಈ ಸಾಲಿಗೆ ಬಂದಾಗ ಅಕ್ಷರ ವಾರಿ ಮಾಡೀದಿ. ಎರಡು ದಿನ ಆತು, ರೊಟ್ಟಿ ಬಡಿಯೂಮುಂದೂ ಅದ ಸಾಲು ಕಣ್ಣಮುಂದ. ಫೋನ್ ಮಾಡಬಹುದಿತ್ತು. ಆದ್ರ ಫೋನಿನ್ಯಾಗ ನಿನ್ನ ಬಾಜೂಕ ಯಾರು ಕುಂತಿರತಾರೋ, ನೀ 'ಹೂಂ, ಹೂಂ' ಅಂದು ಇಟ್ಟುಬಿಡತಿ.

ಮೊದಲ ಒಂದು ಕೆಲಸ ಮಾಡಿದೆ. ನೀನ ಬರದ ತೂಕ ತಗೊಂಡು ಕ್ಯಾಲೆಂಡರಿನ ಬೆನ್ನಿಗೆ ಲೆಕ್ಕ ಹಾಕಿದೆ. ಹುಟ್ಟಿದಾಗ 2 ಕೆ.ಜಿ. 300 ಗ್ರಾಂ. ಐದನೇ ದಿನ 2 ಕೆ.ಜಿ. 130. ಈ ಇಳಿದದ್ದು ನೋಡಿನ ನಿನ್ನ ಎದಿ ಒಡದೈತಿ ಅಂತ ಕಾಣತೈತಿ. ಆದ್ರ ಮೊದಲ ವಾರದಾಗ ಹೆಚ್ಚೂಕಡಿಮಿ ಎಲ್ಲಾ ಕೂಸೂ ಸ್ವಲ್ಪ ಇಳೀತಾವು, ನೂರಕ್ಕ ಏಳೆಂಟು ಪಾಲು ಇಳಿದ್ರ ಡಾಕ್ಟರು ಕಣ್ಣಿಡತಾರ, ಗಾಬರಿ ಆಗೂದಿಲ್ಲ. ಆಮ್ಯಾಲೆ ಹದಿನಾರನೇ ದಿನ 2 ಕೆ.ಜಿ. 400. ಹನ್ನೊಂದು ದಿನಕ್ಕ 270 ಗ್ರಾಂ ಏರೈತಿ. ದಿನಕ್ಕ 24 ಗ್ರಾಂ ಮ್ಯಾಲೆ ಬಿತ್ತು. ಇಪ್ಪತ್ತರಿಂದ ಮೂವತ್ತು ಇದ್ರ ಚೊಲೊ ಅಂತ ನಾವು ಅಂಗನವಾಡ್ಯಾಗ ಹಿಡೀತಿದ್ದದ್ದು. ಇದು ಎಲ್ಲಿಂದ ಬಂತು ತಂಗಿ? ನೀ ಹಾಲಿನ ಹೊರತು ಏನೂ ಕೊಟ್ಟಿಲ್ಲ ಅಂತೀದಿ.

ಆದ್ರೂ ಸಾಲೂದಿಲ್ಲ ಅನಸತೈತಿ. ಗೊತ್ತದ ನಂಗ. ಸಂಜಿ ಆರಕ್ಕ ಶುರು ಆಗಿ ಹತ್ತರತನಕ ಕೂಸು ಎದಿ ಬಿಡೂದಿಲ್ಲ, ಬಿಟ್ರ ಚೀರತೈತಿ, ಎದಿ ಮುಟ್ಟಿ ನೋಡಿದ್ರ ಮೆತ್ತಗ. ಮನ್ಯಾಗ ಒಬ್ಬರಿಲ್ಲಾ ಒಬ್ಬರು 'ಹೊಟ್ಟಿ ತುಂಬವಲ್ದು ಪಾಪ' ಅಂತಾರ. 1979ರಾಗ ನನಗೂ ಅಂದ್ರು.

ಇದನ್ನ ನಿಮ್ಮವ್ವಗೂ ಹೇಳಿಲ್ಲ. ನನ್ನ ಮಗ, ನಿಮ್ಮಣ್ಣ, ಆಗ ಒಂದೂವರಿ ತಿಂಗಳದ ಕೂಸು. ಇಪ್ಪತ್ತನೇ ದಿನಕ್ಕ ನಾ ಎದ್ದು ಮಗ್ಗದ ನೂಲಿನ ಕಂಡಕಿ ಸುತ್ತಾಕ ಕುಂತಿದ್ದೆ, ಮಗ್ಗ ನಿಂತ್ರ ಮನಿ ನಿಂತಂಗ ಆಗ. ಹಗಲೆಲ್ಲಾ ಕೂಸಿಗೆ ಮೂರೋ ನಾಕೋ ಸಲ ಎದಿ, ಸಂಜೀಕ ಅದು ಚೀರೂದು. ನಮ್ಮತ್ತಿ, ಕೆಟ್ಟಾಕಿ ಅಲ್ಲ ಆಕಿ, 'ನಿನ್ನ ಹಾಲು ನೀರಾಗೈತಿ' ಅಂದ್ಲು. ಬಚ್ಚಲಕ್ಕ ಹೋಗಿ ಅಂಗೈ ಮ್ಯಾಲೆ ಹಿಂಡಿ ನೋಡಿದೆ. ನೀಲಿ ನೀಲಿ, ಅಕ್ಕಿ ತೊಳದ ನೀರಿನಂಗ ಕಾಣ್ತು. ಮೊದಲ ಬರೂ ಹಾಲು ಹಂಗ ತೆಳ್ಳಗ ಇರತೈತಿ, ಕೂಸು ಕುಡಕೋತ ಹ್ವಾದಂಗ ಕೊಬ್ಬು ಏರತೈತಿ ಅಂತ ಮುಂದ ಟ್ರೇನಿಂಗಿನ್ಯಾಗ ಕೇಳಿದೆ. ಅವತ್ತು ಅತ್ತಿ ಮಾತು ಖರೇ ಅನಸ್ತು.

ಡಬ್ಬಿ ಹಾಲು ಬಂತು. ಡಬ್ಬಿ ಮ್ಯಾಲೆ ದುಂಡನೆ ಕೂಸಿನ ಚಿತ್ರ. ಈಗ ಹಂಗ ಹಾಕಾಕ ಬರೂದಿಲ್ಲ, 1992ರಾಗ ಕಾನೂನ ಬಂತು. ರೊಕ್ಕ ಸಾಲತಿದ್ದಿಲ್ಲ, ಅದಕ ಒಂದು ಚಮಚ ಹಾಕೂಕಡೆ ಅರ್ಧ ಹಾಕಿ ನೀರು ಹೆಚ್ಚ ಮಾಡತಿದ್ದೆ. ನನ್ನ ಹಾಲಿಗೆ ನೀರು ಅಂದವರ ಮಾತು ಕೇಳಿ ನಾನ ನೀರು ಕುಡಿಸಿದೆ ನೋಡು. ಹದಿನೈದು ದಿನದಾಗ ಕೂಸು ಎದಿಗೆ ಮಾರಿ ತಿರುವಾಕ ಹತ್ತಿತು, ಬಾಟಲಿ ಸಲೀಸು ಅದಕ್ಕ. ಹಾಲು ಇಳೀತು. ಆಮ್ಯಾಲೆ ಭೇದಿ ಹಿಡೀತು, ಕಣ್ಣು ಒಳಗ ಹೋದುವು, ಗದಗಕ್ಕ ಒಯ್ದು ಸಲೈನ್ ಹಚ್ಚಿಸಿದ್ವಿ. ಬದುಕಿದ. ಇವತ್ತು ನೀವು 'ಅಣ್ಣ ಭಾಳ ಗಟ್ಟಿ ಆಳು' ಅಂತ ನಗತೀರಿ, ನಾನೂ ನಗತೀನಿ. ಆ ಡಬ್ಬ್ಯಾಗಿನ ಅಳತಿ ಚಮಚ ಇನ್ನೂ ಸಕ್ಕರಿ ಡಬ್ಬ್ಯಾಗ ಐತಿ. ಯಾಕ ಇಟ್ಟೀನೋ ನಂಗೂ ಗೊತ್ತಿಲ್ಲ.

ಬ್ಯಾಸಗ್ಯಾಗ ಹಳ್ಳದ ಉಸುಕು ತೋಡಿ ವರತಿ ನೀರು ತುಂಬತಿದ್ವಿ ನಾವು. ತುಂಬಿದಷ್ಟೂ ಊರತಿತ್ತು, ಎರಡು ದಿನ ಬಿಟ್ರ ಉಸುಕು ಕುಸಿದು ಮುಚ್ಚತಿತ್ತು. ಎದೀದೂ ಅದ ಲೆಕ್ಕ. ಸಂಜೀಕೊಂದು ಬಾಟಲಿ ಅಂತ ನಿಮ್ಮವ್ವ ಅಂದಾಳಲ್ಲ, ಆ ಒಂದು ಸಲ ಕೂಸು ಎದಿ ಹೀರಲಿಲ್ಲ ಅಂದ್ರ ಆ ಹೊತ್ತಿನ ಹಾಲು ಬ್ಯಾಡಾಗೈತಿ ಅಂತ ಮೈ ತಿಳಕೋತೈತಿ. 'ರಾತ್ರಿ ಬಾಟಲಿ ಕೊಡತೀವಿ, ನೀ ಮಕ್ಕೋ' ಅನ್ನೋರು ಪ್ರೀತಿಲೆ ಅಂತಾರ, ಆದ್ರ ಹಾಲು ತಯಾರಿಸೂ ಹಾರ್ಮೋನು ರಾತ್ರೀನ ಹೆಚ್ಚು. ಸಂಜೀದು ಅಳು ನಾಳಿನ ಹಾಲಿಗೆ ಕೂಸು ಕೊಡೂ ಆರ್ಡರ್ ಅಂತ ತಿಳಿ. ನಮ್ಮ ದೇಶದಾಗ ಆರು ತಿಂಗಳದೊಳಗಿನ 100 ಕೂಸಿನ್ಯಾಗ ಬರೀ ಎದಿಹಾಲಿನ ಮ್ಯಾಲೆ ಇರೂವು ಸುಮಾರು 64 ಅಂತ 2019–21ರ ಸರ್ವೇದಾಗ ಬಂದೈತಿ. ಉಳದ 36 ಮನ್ಯಾಗ ಎಷ್ಟು ಕಡೆ ಈ ಸಂಜಿ ಅಳುವಿಗೇ ಸೋತಾರೋ.

ಇಷ್ಟಕ್ಕ ನಿಲ್ಲಿಸಿದ್ರ ನಾ ಮತ್ತ ಅದ ತಪ್ಪು ಮಾಡಿದಂಗ ಆಗತೈತಿ. ಅದನ್ನೂ ಹೇಳತೀನಿ.

ನಮ್ಮ ಅಂಗನವಾಡಿ ಗ್ವಾಡಿಗೆ ಹಚ್ಚಿದ ಮಾತು ನಂಗ ಬಾಯಿಪಾಠ ಆಗಿತ್ತು: ಪ್ರತಿ ತಾಯಿಗೂ ತನ್ನ ಕೂಸಿಗೆ ಬೇಕಾದಷ್ಟು ಹಾಲು ಇರತೈತಿ. ನನ್ನ ತಪ್ಪು ತೊಳಕೊಳ್ಳಾಕ ಅಂತ ಅದನ್ನ ಎಲ್ಲಾರಿಗೂ ಜೋರಲೆ ಹೇಳತಿದ್ದೆ. ಒಬ್ಬಾಕಿ ಚೊಚ್ಚಲ ಬಾಣಂತಿ, ಕೂಸು ದಿನ ತುಂಬೂಕಿಂತ ಮೊದಲ ಹುಟ್ಟಿದ್ದು, ನಿನ್ನ ಕೂಸಿನಂಗ. ಬಾಗಲಕ್ಕ ಬಂದು ಮೆಲ್ಲಕ 'ಅಕ್ಕಾರ, ಸಾಲೂದಿಲ್ಲ ಅನಸತೈತ್ರಿ' ಅಂದ್ಲು. 'ಹಂಗೆಲ್ಲಾ ಅನಬಾರದು' ಅಂತ ಗದರಿಸಿ ಕಳಿಸಿದೆ. ಆ ಕೂಸು ಅಳತಿದ್ದಿಲ್ಲ. ಓಣಿ ಮಂದಿ 'ಬಂಗಾರದಂಥಾ ಕೂಸು, ಸದ್ದ ಇಲ್ಲ' ಅಂತಿದ್ರು. ತಿಂಗಳ ತುಂಬಿದ ಮ್ಯಾಲೆ ಜೋಳಿಗಿ ತಕ್ಕಡಿಗೆ ತೂಗಹಾಕಿದೆ. ಮುಳ್ಳು ಹುಟ್ಟಿದಾಗಿನ ತೂಕಕ್ಕಿಂತ ಕೆಳಗ ನಿಂತಿತು. ತಕ್ಕಡಿ ಕೆಟ್ಟೈತಿ ಅಂತ ಮ್ಯಾಲೆ ಕೆಳಗ ಮಾಡಿ ಮತ್ತ ತೂಗಿದೆ. ಆಕಿ ನನ್ನ ಮಾರೀನ ನೋಡತಿದ್ಲು.

ತಾಯಿ ಎದ್ಯಾಗ ಹಾಲಿತ್ತು. ಕೂಸಿಗೆ ಹೀರೂ ಶಕ್ತಿ ಇದ್ದಿಲ್ಲ. ನಾಕು ಸಲ ಚೀಪಿ ನಿದ್ದಿ ಹೋಗತಿತ್ತು, ಹೀರದ ಎದಿ ಬತ್ತಾಕ ಹತ್ತಿತ್ತು. ದವಾಖಾನ್ಯಾಗ ಹಾಲು ಕೈಲೆ ಹಿಂಡಿ ಒಳ್ಳಿಲೆ, ಅಂದ್ರ ಚುಂಚಿನ ಸಣ್ಣ ಬಟ್ಟಲಿಲೆ, ಕುಡಿಸೂದು ಕಲಿಸಿದ್ರು, ಕೆಲವು ದಿನ ಮ್ಯಾಲಿನ ಹಾಲೂ ಬೇಕಾತು, ಆಮ್ಯಾಲೆ ಕೂಸು ಹತ್ತಿಕೊಂತು. ಆಕಿ ಮಾತ್ರ ನನ್ನ ಕಂಡ್ರ ದಾರಿ ಬದಲಿ ಮಾಡತಿದ್ಲು. ನಾ ರಿಟೈರ್ ಆಗೂತನಕ.

ಅದಕ ನಿನ್ನ ಕೂಸು ಚೀರತೈತಿ ಅಂತ ಓದಿದಾಗ ನಂಗ ಅರ್ಧ ಸಮಾಧಾನ ಆತು. ಆದ್ರೂ ನಿನ್ನ ಹಾಲಿನ ಮ್ಯಾಲೆ 'ಸಾಕು' ಅಂತ ಆಣಿ ಇಡಾಕ ನಾ ಯಾರು, 'ಸಾಲದು' ಅನ್ನಾಕ ನಿಮ್ಮವ್ವ ಯಾರು. ಉಚ್ಚಿ ಅರಬಿ ಎಣಿಸು. ದಿನ ರಾತ್ರಿ ಸೇರಿ ಆರು, ಅದಕ್ಕಿಂತ ಹೆಚ್ಚು ಚೆನ್ನಾಗಿ ತೊಯ್ದಿದ್ರ ಹಾಲು ಹೋಗೈತಿ. ಡೈಪರ್ ಹಾಕಿದ್ರ ಲೆಕ್ಕ ಸಿಗೂದಿಲ್ಲ, ಹಗಲಾದ್ರೂ ಹಳೇ ಧೋತರದ ತುಂಡು ಕಟ್ಟು. ವಾರಕ್ಕೊಮ್ಮೆ ಅದ ತಕ್ಕಡಿ ಮ್ಯಾಲೆ ತೂಕ ಮಾಡಸು, ಬ್ಯಾರೆ ಬ್ಯಾರೆ ತಕ್ಕಡಿ ಸುಳ್ಳ ಹೇಳತಾವು. ಪಂಪಿನ್ಯಾಗ ಎರಡೇ ಚಮಚ ಬಂತು ಅಂತ ಬರದೀದಿ, ಪಂಪು ಕೂಸಿನಂಗ ಎಳೆಯೂದಿಲ್ಲವಾ, ಅದನ್ನ ಅಳತಿ ಹಿಡೀಬ್ಯಾಡ.

ನಿನ್ನ ಕೂಸು 36 ವಾರಕ್ಕ ಹುಟ್ಟಿದ್ದು. ಮೂರು ತಾಸಾದ್ರೂ ತಾನ ಎಚ್ಚರ ಆಗಲಿಲ್ಲ ಅಂದ್ರ ನೀನ ಎಬ್ಬಿಸಬೇಕು. ಅಂಗಿ ತಗದು ನಿನ್ನ ಬರೀ ಎದಿಗೆ ಹಚ್ಚಿಕೋ, ಅಂಗಾಲು ತಿಕ್ಕು. ತೊಟ್ಟು ಚಪ್ಪಟ ಐತಿ ಅಂತ ನರ್ಸ್ ಅಂದದ್ದನ್ನ ತಲ್ಯಾಗ ಇಟಗೊಂಡೀದಿ; ಸುತ್ತಿನ ಕಪ್ಪು ಭಾಗನೂ ಬಾಯಾಗ ಹೋಗಿ, ಗದ್ದ ಎದಿಗೆ ಹತ್ತಿದ್ರ ಚಪ್ಪಟ ತೊಟ್ಟೂ ನಡೀತೈತಿ. ಪ್ರತಿಸಲ ಕೊಯ್ದಂಗ ನೋವಾದ್ರ ಕೂಸಿನ ನಾಲಿಗಿ ಅಡಿ ನೋಡ್ರಿ ಅಂತ ಡಾಕ್ಟರಿಗೆ ಅನ್ನು. ಸಿಜೇರಿಯನ್ ಆದವರಿಗೆ ಹಾಲು ಇಳಿಯೂದು ಒಂದೆರಡು ದಿನ ತಡ, ನಿಂದು ಹಂಗ ಆತು, ಅದರಾಗ ನಿನ್ನ ತಪ್ಪೇನೈತಿ? ನೀರು ಕುಡಿ. ಬಾಣಂತಿಗೆ ನೀರು ಕೊಡಬಾರದು ಅಂತ ನಿಮ್ಮವ್ವ ಅಂದ್ರ ನನ್ನ ಹೆಸರು ಹೇಳು, ಬೈಯೂದಿದ್ರ ನಂಗ ಬೈಲಿ. ಕೂಸಿಗೆ ಮಾತ್ರ ಜೇನು, ಗುಟ್ಟಿ, ನೀರು ಯಾವುದೂ ಬ್ಯಾಡ.

ಕೂಸು ಎಬ್ಬಿಸಿದ್ರೂ ಏಳಲಿಲ್ಲ, ಅಂಗೈ ಅಂಗಾಲು ಹಳದಿ ಆತು, ತೊಯ್ದ ಅರಬಿ ಕಮ್ಮಿ ಆತು ಅಂದ್ರ ಈ ಕಾಗದ ಓದಕೋತ ಕುಂದರಬ್ಯಾಡ. ಅವತ್ತ ದವಾಖಾನಿಗೆ ಹೋಗು. ಅಲ್ಲಿ ಮ್ಯಾಲಿನ ಹಾಲು ಬೇಕು ಅಂದ್ರ ಕೊಡು, ಒಳ್ಳಿಲೆ ಕೊಡು, ಅಳತಿ ಪ್ರಕಾರ ಕೊಡು. ನಾ ಏನಂದೇನು ಅಂತ ಅಂಜಬ್ಯಾಡ.

ನೌಕರಿ ಚಿಂತಿ ಈಗ ಯಾಕ? 26 ವಾರ ರಜಾ ಐತಿ ನಿಂಗ. ನಂಗ ಇಪ್ಪತ್ತು ದಿನ ಇತ್ತು.

ಎದುರುಮನಿ ಹುಡುಗ ಹುಬ್ಬಳ್ಳಿಗೆ ಹೊಂಟಾನ, ಅವನ ಕೈಯಾಗ ಅಳವಿ ಕಾಳು, ಅಂಟಿನುಂಡಿ ಕೊಟ್ಟೀನಿ. ಅದರಿಂದ ಹಾಲು ಉಕ್ಕತೈತಿ ಅಂತ ನಾ ಹೇಳೂದಿಲ್ಲ. ನಡುರಾತ್ರಿ ಹಸಿವು ಆಗತೈತಿ, ಕೈಗೆ ಸಿಗೂವಲ್ಲೆ ಇಟಗೋ. ಈ ವಾರ ತೂಕ ಮಾಡಿದ ಮ್ಯಾಲೆ ನನಗ ಉದ್ದ ಕಾಗದ ಏನೂ ಬ್ಯಾಡ. ಒಂದು ಅಂಕಿ ಬರದು ಮೊಬೈಲಿಗೆ ಹಾಕು, ಎಷ್ಟ ರಾತ್ರಿ ಆದ್ರೂ ನೋಡತೀನಿ.

ನಿನ್ನ
ದೊಡ್ಡವ್ವ