ಬಾತುಕೋಳಿಯ ಕೊಬ್ಬು ತೆಗೆಯಲು ಮಿಕ್ಸಿಯ ಮೋಟಾರು ಬೇಡ

ಮಾನ್ಯ ಸಂಪಾದಕರೇ,

ಶಾಲೆಯ ವಿಜ್ಞಾನ ಕೊಠಡಿಗೆ ಬೇಕಾದ ಸಲಕರಣೆಗಳನ್ನು ಕಡಿಮೆ ಖರ್ಚಿನಲ್ಲಿ ತಯಾರಿಸಿಕೊಳ್ಳುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಓದುಗರೊಬ್ಬರ ಪತ್ರದಲ್ಲಿ, ಟ್ಯಾಕ್ಸಿಡರ್ಮಿ (ಸತ್ತ ಪ್ರಾಣಿಪಕ್ಷಿಗಳ ಚರ್ಮ ಹದಗೊಳಿಸಿ ಬದುಕಿದ್ದಂತೆ ನಿಲ್ಲಿಸುವ ಕೆಲಸ) ಮಾಡುವವರು ಹಕ್ಕಿಯ ಚರ್ಮದಿಂದ ಕೊಬ್ಬು ತೆಗೆಯುವ ವೈರ್ ಬ್ರಷ್ ಚಕ್ರಕ್ಕೆ ಹಳೆಯ ಮಿಕ್ಸಿಯ ಮೋಟಾರನ್ನು ಜೋಡಿಸಿಕೊಂಡರೆ ಸಾಕು, ಅದಕ್ಕಿಂತ ಅಗ್ಗದ ದಾರಿಯಿಲ್ಲ ಎಂಬ ಸಲಹೆಯಿತ್ತು. ಬರೆದವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಸಲಹೆ ತಪ್ಪು, ಅಪಾಯಕಾರಿ ಕೂಡ. ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು, ಸತ್ತ ಊರಕೋಳಿ, ಬಾತುಕೋಳಿಗಳ ಚರ್ಮ ಬಿಡಿಸಿ ಹದಗೊಳಿಸಿ, ಒಳಗೆ ಅಚ್ಚು ಕೂರಿಸಿ, ಬದುಕಿದ್ದಾಗಿನ ನಿಲುವಿನಲ್ಲೇ ನಿಲ್ಲಿಸುವ ಕೆಲಸವನ್ನು ಹವ್ಯಾಸವಾಗಿ ಮಾಡುತ್ತ ಬಂದವನು. ಆ ಅನುಭವದಿಂದ ಕೆಲವು ಮಾತು ಬರೆಯುತ್ತಿದ್ದೇನೆ.

ಕೋಳಿಯ ಚರ್ಮವನ್ನು ಚೂರಿಯಿಂದಲೇ ಕೆರೆದು ಮುಗಿಸಬಹುದು. ಬಾತುಕೋಳಿಯದು ಹಾಗಲ್ಲ. ನೀರಿನಲ್ಲಿ ಬದುಕುವ ಹಕ್ಕಿಯಾದ್ದರಿಂದ ಅದರ ಚರ್ಮದ ಕೆಳಗೆ, ಮುಖ್ಯವಾಗಿ ಎದೆ ಮತ್ತು ಹೊಟ್ಟೆಯ ಭಾಗದಲ್ಲಿ, ಗರಿಯ ಬುಡಗಳ ನಡುನಡುವೆ ಕೊಬ್ಬು ಸೇರಿಕೊಂಡಿರುತ್ತದೆ. ಅಲ್ಲಿಗೆ ಚೂರಿಯ ತುದಿ ಹೋಗುವುದಿಲ್ಲ, ಬಲವಂತವಾಗಿ ಹಾಕಿದರೆ ಚರ್ಮ ತೂತಾಗುತ್ತದೆ. ಕೊಬ್ಬು ಉಳಿದರೆ ನಿಲ್ಲಿಸಿದ ಹಕ್ಕಿ ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಎಣ್ಣೆ ಜಿನುಗಿ, ಗರಿ ಹಳದಿಯಾಗಿ, ಹೊಲಿಗೆಯ ಹತ್ತಿರ ಚರ್ಮ ಹಪ್ಪಳದಂತೆ ಮುರಿಯತೊಡಗುತ್ತದೆ. ನಾನು ಮಾಡಿದ ಮೊದಲ ಬಾತುಕೋಳಿ ಶಾಲೆಯ ಗಾಜಿನ ಪೆಟ್ಟಿಗೆಯೊಳಗೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೀಗೆಯೇ ಹಾಳಾಯಿತು. ಆದ್ದರಿಂದ ಸಣ್ಣ, ಮೃದು ತಂತಿಗಳ ಆರಿಂಚಿನ ಬ್ರಷ್ ಚಕ್ರವನ್ನು ಮೋಟಾರಿನಿಂದ ತಿರುಗಿಸಿ, ಚರ್ಮದ ಒಳಮೈಯನ್ನು ಅದಕ್ಕೆ ಹಗುರವಾಗಿ ತಾಗಿಸುವುದು ಈ ಕೆಲಸದಲ್ಲಿ ರೂಢಿ. ತಂತಿಯ ತುದಿಗಳು ಗರಿಬುಡಗಳ ನಡುವೆ ಹೊಕ್ಕು ಕೊಬ್ಬನ್ನು ಮಾತ್ರ ಹೊರಗೆಳೆಯುತ್ತವೆ. ಅನಂತರ ಪಾತ್ರೆ ತೊಳೆಯುವ ದ್ರವದಲ್ಲಿ ಎರಡು ಮೂರು ಸಲ ತೊಳೆದರೆ ಚರ್ಮ ಜಿಡ್ಡು ಬಿಟ್ಟು ಬಟ್ಟೆಯಂತಾಗುತ್ತದೆ.

ಇಲ್ಲಿ ಮೋಟಾರಿನ ವೇಗವೇ ಮುಖ್ಯ. ಅದರ ಬೆಲೆಯ ವಿಚಾರ ಆಮೇಲಿನದು. ಆರಿಂಚಿನ ಚಕ್ರ ನಿಮಿಷಕ್ಕೆ 1440 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ; ಹಕ್ಕಿಯ ತೆಳು ಚರ್ಮ ಅದನ್ನು ತಾಳಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಸಾಣೆ ಹಿಡಿಯುವ ಗ್ರೈಂಡರಿನ 2880 ಸುತ್ತಿಗೆ ವೇಗ ಇಮ್ಮಡಿಯಾಗುತ್ತದೆ, ಕೈ ಸ್ವಲ್ಪ ಅಲುಗಿದರೂ ಚರ್ಮ ಹರಿಯುತ್ತದೆ. ಮಿಕ್ಸಿಯ ಮೋಟಾರಾದರೋ ಹೊರೆಯಿಲ್ಲದಾಗ 18000 ಸುತ್ತಿನ ಆಸುಪಾಸಿಗೆ ಹೋಗುವಂಥದ್ದು. ಅದಕ್ಕೆ ಆರಿಂಚಿನ ಚಕ್ರ ಹಾಕಿ ಆ ವೇಗ ಮುಟ್ಟಿದರೆ ಅಂಚಿನ ವೇಗ ಗಂಟೆಗೆ 500 ಕಿಲೋಮೀಟರ್ ದಾಟುತ್ತದೆ. ನನ್ನಲ್ಲಿರುವ ಚಕ್ರದ ಮೇಲೆ ಗರಿಷ್ಠ 6000 ಸುತ್ತು ಎಂದು ಸ್ಪಷ್ಟವಾಗಿ ಮುದ್ರಿಸಿದ್ದಾರೆ. ಮೀರಿದರೆ ತಂತಿಗಳು ಸೂಜಿಗಳಂತೆ ಸಿಡಿದು ಬರುತ್ತವೆ, ಬರುವುದೂ ಮುಖದ ಎತ್ತರಕ್ಕೇ. ಇನ್ನೊಂದು ಕಡೆ, ಮಿಕ್ಸಿಯ ಮೇಲೆ 500 ವಾಟ್, 750 ವಾಟ್ ಎಂದು ಬರೆದಿದ್ದರೂ ಅದು ಕೆಲವು ನಿಮಿಷ ಓಡಿ ವಿಶ್ರಾಂತಿ ಪಡೆಯಲೆಂದು ಮಾಡಿದ ಯಂತ್ರ. ಒಂದು ಬಾತುಕೋಳಿಗೆ ಅರ್ಧ ಗಂಟೆಯಾದರೂ ಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವೇಗ ತಗ್ಗಿಸಲು ಫ್ಯಾನಿನ ರೆಗ್ಯುಲೇಟರ್ ಹಾಕಿ ಪ್ರಯತ್ನಿಸಿದ್ದ. ವೇಗದೊಂದಿಗೆ ಎಳೆಯುವ ಬಲವೂ ಇಳಿದು, ಚರ್ಮ ತಾಗಿಸಿದ ಕೂಡಲೇ ಚಕ್ರ ನಿಂತು, ಮೋಟಾರಿನೊಳಗೆ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ಷಿನಲ್ಲಿ ಕಿಡಿ ಹಾರಿ, ಹತ್ತು ನಿಮಿಷದಲ್ಲಿ ಅಡಿಗೆಮನೆಯವರೆಗೆ ಸುಟ್ಟ ವಾಸನೆ ಹರಡಿತಂತೆ.

ಸರಿಯಾದ ಮೋಟಾರು ಸಿಗದಿರುವುದಕ್ಕೆ ಕಾರಣವೊಂದಿದೆ. ಮೈಸೂರಿನ ಹೆಸರಾಂತ ಟ್ಯಾಕ್ಸಿಡರ್ಮಿ ಕಾರ್ಖಾನೆ ವಾನ್ ಇಂಗೆನ್ 1999ರಲ್ಲಿ ಮುಚ್ಚಿದ ಬಳಿಕ ಈ ವಿದ್ಯೆಯನ್ನು ಕಣ್ಣಾರೆ ಕಂಡು ಕಲಿಯುವ ಅವಕಾಶ ನಮ್ಮಂಥವರಿಗೆ ಇಲ್ಲವಾಗಿ, ಹೆಚ್ಚಿನವರು ಅಮೆರಿಕದವರು ಬರೆದಿಟ್ಟ ವಿವರಣೆಗಳನ್ನೇ ನೆಚ್ಚಿಕೊಂಡಿದ್ದಾರೆ. ಅವುಗಳಲ್ಲಿ ‘ಕಾಲು ಎಚ್‌ಪಿ, 1725 ಸುತ್ತು’ ಎಂದಿರುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಕಾಸರಗೋಡಿನಿಂದ ಮಂಗಳೂರಿನವರೆಗೆ ಅಂಗಡಿ ಅಂಗಡಿ ಅಲೆದರೂ ಸಿಗದು, ಏಕೆಂದರೆ ಆ ಅಂಕೆ ಅವರ 60 ಹರ್ಟ್ಸ್ ವಿದ್ಯುತ್ತಿಗೆ ಸೇರಿದ್ದು. ನಮ್ಮದು 50 ಹರ್ಟ್ಸ್, ಇಂಥ ಮೋಟಾರಿನ ವೇಗ ವಿದ್ಯುತ್ತಿನ ಈ ಹರ್ಟ್ಸನ್ನೇ ಅನುಸರಿಸುತ್ತದೆ. ಅದೇ ನಾಲ್ಕು ಧ್ರುವಗಳ ಮೋಟಾರು ಇಲ್ಲಿ 1500ಕ್ಕೆ ತುಸು ಕಡಿಮೆ, ಅಂದರೆ 1440ರ ಹತ್ತಿರ ಓಡುತ್ತದೆ. ಅಂಗಡಿಯಲ್ಲಿ ‘1440ರದ್ದು ಕೊಡಿ’ ಎಂದರೆ ಎರಡನೆಯ ಮಾತಿಲ್ಲದೆ ತೋರಿಸುತ್ತಾರೆ.

ಹೊಸದಕ್ಕೆ ಬೆಲೆ ಹೆಚ್ಚು. ಆದರೆ ಇಂಥ ಮೋಟಾರುಗಳು ನಮ್ಮ ಮನೆಗಳ ಹಿಂಬದಿಯಲ್ಲೇ ತುಕ್ಕು ಹಿಡಿಯುತ್ತಿವೆ. ದೋಸೆ ಹಿಟ್ಟಿಗೆ ಮೇಜಿನ ಮೇಲಿಡುವ ಸಣ್ಣ ಗ್ರೈಂಡರ್ ಬಂದ ಮೇಲೆ, ಬೆಲ್ಟಿನಿಂದ ತಿರುಗುತ್ತಿದ್ದ ಹಳೆಯ ದೊಡ್ಡ ಕಲ್ಲಿನ ಗ್ರೈಂಡರುಗಳು ಒಂದೊಂದಾಗಿ ಗುಜರಿ ಸೇರಿದವು. ಅವುಗಳ ಕೆಳಗಿರುವುದು ಸಾಮಾನ್ಯವಾಗಿ ಕಾಲು ಅಥವಾ ಅರ್ಧ ಎಚ್‌ಪಿಯ, 1440 ಸುತ್ತಿನ ಇಂಡಕ್ಷನ್ ಮೋಟಾರು. ಕಾರ್ಬನ್ ಬ್ರಷ್ಷಿನ ಗೊಡವೆಯಿಲ್ಲ, ಗಂಟೆಗಟ್ಟಲೆ ಓಡಿದರೂ ತಾಳುತ್ತದೆ. ನನ್ನದನ್ನು ಕುಂಬಳೆಯ ಗುಜರಿ ಅಂಗಡಿಯಲ್ಲಿ 700 ರೂಪಾಯಿಗೆ ಕೊಂಡೆ. ಸ್ವಿಚ್ ಹಾಕಿದಾಗ ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಪುಲ್ಲಿಗೆ ಒಂದು ಸುತ್ತು ಹಗ್ಗ ಸುತ್ತಿ ಎಳೆದದ್ದೇ ತಡ, ಸರಾಗವಾಗಿ ಓಡತೊಡಗಿತು. ಹೀಗೆ ಆದರೆ ಮುಖ್ಯ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಗಟ್ಟಿಯಿದೆ, ಹೋಗಿರುವುದು ಹೆಚ್ಚಾಗಿ ಮೋಟಾರನ್ನು ಚಾಲೂ ಮಾಡಿಸುವ ಕೆಪಾಸಿಟರ್ ಅಥವಾ ಒಳಗಿನ ಸ್ಟಾರ್ಟಿಂಗ್ ಸ್ವಿಚ್ ಎಂದು ತಿಳಿಯಬಹುದು. ಕೆಪಾಸಿಟರ್ ಬದಲಾಯಿಸಿದೆ, ಮೋಟಾರು ಇಂದಿಗೂ ಓಡುತ್ತಿದೆ. ಸುಟ್ಟ ವಾರ್ನಿಷಿನ ವಾಸನೆ ಬರುವ, ಶಾಫ್ಟನ್ನು ಹಿಡಿದು ಅಲುಗಿಸಿದರೆ ಕಟಕಟ ಎನ್ನುವ ಮೋಟಾರನ್ನು ಮಾತ್ರ ಪುಕ್ಕಟೆ ಕೊಟ್ಟರೂ ತರಬಾರದು. ವೈಂಡಿಂಗಿಗೆ ಕೊಟ್ಟರೆ ಹೊಸ ಮೋಟಾರಿನ ಅರ್ಧ ಬೆಲೆ ಅಲ್ಲಿಗೇ ಆಯಿತು.

ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷೀನಿನ, ಬಟ್ಟೆ ಒಗೆಯುವ ಬದಿಯ ಮೋಟಾರೂ ವೇಗದ ಮಟ್ಟಿಗೆ ಆಗಬಹುದು. ಬಾವಿಯ ಮೊನೊಬ್ಲಾಕ್ ಪಂಪು, ಹೊಲಿಗೆ ಯಂತ್ರದ ಮೋಟಾರು, ಸೀಲಿಂಗ್ ಫ್ಯಾನ್ ಇವು ಯಾವುವೂ ಆಗುವುದಿಲ್ಲ.

ಚಕ್ರವನ್ನು ನೇರವಾಗಿ ಮೋಟಾರಿನ ಶಾಫ್ಟಿಗೆ ಹಾಕುವುದಕ್ಕಿಂತ, ಎರಡು ಬೇರಿಂಗ್ ಬ್ಲಾಕುಗಳ ಮೇಲೆ ಬೇರೆ ಶಾಫ್ಟ್ ಕೂರಿಸಿ ಬೆಲ್ಟಿನಿಂದ ತಿರುಗಿಸುವುದು ಲೇಸು. ಮೋಟಾರಿಗೆ ಎರಡಿಂಚಿನ, ಶಾಫ್ಟಿಗೆ ಮೂರಿಂಚಿನ ಪುಲ್ಲಿ ಹಾಕಿದರೆ ವೇಗ 960ಕ್ಕೆ ಇಳಿಯುತ್ತದೆ, ಕಲಿಯುವವರ ಕೈಗೆ ಅದೇ ಹಿತ. ಬೆಲ್ಟನ್ನು ತುಸು ಸಡಿಲ ಬಿಟ್ಟರೆ ಚರ್ಮ ಸಿಕ್ಕಿಕೊಂಡಾಗ ಅದು ಜಾರುತ್ತದೆ, ಹಕ್ಕಿಯೂ ಬೆರಳೂ ಉಳಿಯುತ್ತವೆ. ಚಕ್ರ ಚರ್ಮದ ನಡುವಿನಿಂದ ಅಂಚಿನತ್ತ ಉಜ್ಜಿಕೊಂಡು ಹೋಗುವಂತೆ ಹಿಡಿಯಬೇಕು. ಅಂಚನ್ನೇ ಎದುರಾಗಿ ಒಡ್ಡಿದರೆ ಕಚ್ಚಿ ಸುತ್ತಿಕೊಂಡುಬಿಡುತ್ತದೆ. ಚಕ್ರಕ್ಕೆ ತಗಡಿನ ಮುಚ್ಚಳ, ಕಣ್ಣಿಗೆ ಕನ್ನಡಕ, ಮೋಟಾರಿನ ಮೈಗೆ ಅರ್ತ್ ತಂತಿ, ಮನೆಯ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನು ಕಡಿಯುವ ಸ್ವಿಚ್) ಇರಲೇಬೇಕು. ಒದ್ದೆ ಚರ್ಮ, ಒದ್ದೆ ಕೈ, ಮೇಲಾಗಿ ನಮ್ಮ ಮಳೆಗಾಲದ ಆಟಿ ತಿಂಗಳ ತೇವ. ಸಂಜೆ ವೋಲ್ಟೇಜ್ ಇಳಿಯುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಬಾರದು, ಏಕೆಂದರೆ 230 ವೋಲ್ಟ್ 180ಕ್ಕೆ ಇಳಿದರೆ ಇಂತಹ ಮೋಟಾರಿನ ತಿರುಗುಬಲ ಸುಮಾರು ಶೇಕಡ 60ಕ್ಕೆ ಕುಸಿದು, ಅದು ತಿರುಗದೆ ಕಾದು ಸುಡಬಹುದು.

ಆ ಪತ್ರದಲ್ಲಿ ‘ರಸ್ತೆ ಬದಿಯಲ್ಲಿ ಸತ್ತುಬಿದ್ದ ನವಿಲನ್ನೂ ಹೀಗೆ ಉಳಿಸಿಕೊಳ್ಳಬಹುದು’ ಎಂಬ ಸಾಲೊಂದಿತ್ತು. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿರುವ ಹಕ್ಕಿ. ಸತ್ತು ಸಿಕ್ಕಿದರೂ ಅದು ಸರಕಾರದ ಸೊತ್ತು. ಕೈಗೆ ಬಂದ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೋ ಅಧಿಕಾರಪಡೆದ ಅಧಿಕಾರಿಗೋ ತಿಳಿಸಬೇಕು. ಶಾಲೆಗೆ ಸಾಕಿದ ಕೋಳಿ, ಬಾತುಕೋಳಿ ಧಾರಾಳ ಸಾಕು.

ಮೊನ್ನೆ ನಮ್ಮ ಪಕ್ಕದ ಊರಿನ ಶಾಲೆಗೆ ಹೋಗಿದ್ದಾಗ ಆ ಪತ್ರವನ್ನು ಕತ್ತರಿಸಿ ವಿಜ್ಞಾನ ಸಂಘದ ಫಲಕಕ್ಕೆ ಅಂಟಿಸಿದ್ದನ್ನು ಕಂಡೆ. ಅದರ ಪಕ್ಕದ ಮೇಜಿನ ಮೇಲೆ ಜಾರ್ ಇಲ್ಲದ ಮಿಕ್ಸಿಯೊಂದನ್ನೂ ತಂದಿರಿಸಿದ್ದರು. ಆದ್ದರಿಂದ ಈ ತಿದ್ದುಪಡಿಯನ್ನು, ಸ್ಥಳವಿಲ್ಲದಿದ್ದರೆ ಮಿಕ್ಸಿ ಬೇಡ, ಹಳೆಯ ಕಲ್ಲಿನ ಗ್ರೈಂಡರಿನ 1440 ಸುತ್ತಿನ ಮೋಟಾರು ಹಾಕಿ ಎಂಬಷ್ಟನ್ನಾದರೂ, ಅದೇ ಅಂಕಣದಲ್ಲಿ ಬೇಗನೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ
ಬದಿಯಡ್ಕ, ಕಾಸರಗೋಡು ಜಿಲ್ಲೆ