ಪತ್ತೇದಾರಿ ಕಾದಂಬರಿಯ ಕರಡು ಕಳಿಸುವ ಮುನ್ನ

ಗೆಳೆಯರೇ, ಕೊಲೆ ಸಣ್ಣ ಊರಲ್ಲೇ ನಡೆಯಲಿ, ಕಾನೂನು ಸರಿಯಿರಲಿ. 2024ರ ಜುಲೈ 1ರಿಂದೀಚೆಗಿನ ಕೊಲೆಗೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್ 302 ಹಾಕಬೇಡಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 103. ತೊಂಬತ್ತರ ದಶಕದ ಕಥೆಗೆ 302 ಸರಿ.

ಕಥೆ ಕುಸಿಯುವುದು ತಪ್ಪೊಪ್ಪಿಗೆಯಲ್ಲಿ. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಮುಂದೆ ಆರೋಪಿ "ನಾನೇ ಕೊಂದೆ" ಅಂದರೆ ಕೋರ್ಟಿನಲ್ಲಿ ಅದು ಸಾಕ್ಷ್ಯವಲ್ಲ. ಅವನ ಮಾತಿನಿಂದ ಬಾವಿಯಲ್ಲಿ ಮಚ್ಚು ಸಿಕ್ಕರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಆದ್ದರಿಂದ ಮಹಜರಿನ, ಅಂದರೆ ಸಿಕ್ಕ ವಸ್ತುವನ್ನು ಸಾಕ್ಷಿಗಳ ಮುಂದೆ ಬರೆದಿಡುವ, ದೃಶ್ಯವನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ, ಕಥೆಯ ಜೀವ ಅಲ್ಲೇ ಇದೆ. ಆ ಸಾಕ್ಷಿಗಳು, ಅಂದರೆ ಪಂಚರು, ಊರವರೇ, ವಿಚಾರಣೆ ಹೊತ್ತಿಗೆ ತಿರುಗಿಬೀಳಬಹುದು. ಹೊಸ ಕಾನೂನಿನಲ್ಲಿ ಜಪ್ತಿಯ ವಿಡಿಯೊ ಕೂಡ ಆಗಬೇಕು.

ಸಾವಿನ ಸಮಯವನ್ನು ವೈದ್ಯರ ಬಾಯಲ್ಲಿ ನಿಮಿಷದ ಲೆಕ್ಕದಲ್ಲಿ ಹೇಳಿಸಬೇಡಿ. ಸೆಕೆಯಲ್ಲಿ ಹೆಣ ಬೇಗ ಸೆಟೆಯುತ್ತದೆ, ಬೇಗ ಸಡಿಲವಾಗುತ್ತದೆ. ಅವರು ಕೊಡುವುದು ಅಂದಾಜು ಅವಧಿ ಅಷ್ಟೇ.