ಗಿಟಾರ್ ಕೇಸಿನಲ್ಲಿಟ್ಟ ಪತ್ರ

ಪ್ರೀತಿಯ ಪುಟ್ಟಿ,

ಬಾಸ್ಟನ್ ತಲುಪಿ ಗಿಟಾರ್ ಕೇಸ್ ತೆರೆದಾಗ ಈ ಪತ್ರ ನಿನ್ನ ಕೈಗೆ ಸಿಗುತ್ತದೆ. ಎದುರಿಗೇ ಹೇಳಬೇಕು ಎಂದು ಮೂರು ದಿನ ಹಿಂದೆಮುಂದೆ ಓಡಾಡಿದೆ. ಬಾಯಿ ಬರಲಿಲ್ಲ.

ಭಾನುವಾರ ರಾತ್ರಿ ಅಡುಗೆಮನೆಯಲ್ಲಿ ನೀನು ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಅಲ್ಲಿ ಸ್ವರ ಗುರುತಿಸೋಕೇ ಬೇರೆ ಕ್ಲಾಸ್ ಇರುತ್ತಮ್ಮ. ನಂಗೆ ಅದೇ ಭಯ. ನನ್ನ ಕಿವಿ ಮೊದಲಿಂದಲೂ ಅಷ್ಟಕ್ಕಷ್ಟೇ. ಹುಬ್ಬಳ್ಳಿಯಲ್ಲೇ ಗೊತ್ತಾಯ್ತಲ್ವಾ." ನಾನು ವರಾಂಡದಲ್ಲಿ ಪೇಪರ್ ಹಿಡಿದು ಕೂತಿದ್ದೆ. ಆಮೇಲೆ ಒಂದು ಸಾಲೂ ಓದಲು ಆಗಲಿಲ್ಲ.

ಹುಬ್ಬಳ್ಳಿಯಲ್ಲಿ ಆ ದಿನ ನಿನ್ನ ಕಿವಿ ಸರಿಯಾಗಿಯೇ ಇತ್ತು. ಗಿಟಾರ್ ಕೆಡಿಸಿದ್ದು ನಾನು.

ಸ್ಪರ್ಧೆಯ ಹಿಂದಿನ ರಾತ್ರಿ ಎರಡನೇ ಪಾಳಿ ಮುಗಿಸಿ ಬಂದಾಗ ನೀನು ಮಲಗಿದ್ದೆ. ಗಿಟಾರ್ ಕುರ್ಚಿಗೆ ಒರಗಿತ್ತು. ತಂತಿಗಳ ಕೆಳಗೆ ಧೂಳು ಕೂತಿತ್ತು. ನಾಳೆ ವೇದಿಕೆಯ ದೀಪದ ಕೆಳಗೆ ಚೆನ್ನಾಗಿ ಹೊಳೆಯಲಿ ಅನ್ನಿಸಿತು. ಆರೂ ತಂತಿಗಳನ್ನು ಒಟ್ಟಿಗೇ ಸಡಿಲಿಸಿದೆ. ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬ್ರಿಜ್, ಕೈಗೆ ಬಂತು.

ನನಗೆ ಜೀವವೇ ಹೋದ ಹಾಗಾಯಿತು. ಇಪ್ಪತ್ತೆಂಟು ವರ್ಷ ಪ್ಲೈವುಡ್ ಕಾರ್ಖಾನೆಯಲ್ಲಿ ದುಡಿದವನು ನಾನು. ಗೋಂದು ಹಚ್ಚಿ, ಬಿಸಿ ಪ್ರೆಸ್ಸಿಗೆ ಕೊಟ್ಟರೇ ಮರಕ್ಕೆ ಮರ ಹಿಡಿಯುವುದು ಎಂದು ತಿಳಿದವನು. ಅಂಟು ಬಿಟ್ಟಿತೇನೋ ಎಂದು ಟಾರ್ಚ್ ಹಿಡಿದು ನೋಡಿದೆ. ಗೋಂದಿನ ಕಲೆ ಇಲ್ಲ, ಸ್ಕ್ರೂ ಇಲ್ಲ, ಏನೂ ಇಲ್ಲ. ನಿನ್ನ ಗಿಟಾರಿನಲ್ಲಿ ಬ್ರಿಜ್ ತಂತಿಗಳ ಒತ್ತಡಕ್ಕೇ ನಿಲ್ಲುತ್ತದೆ ಎಂದು ಆಗ ಗೊತ್ತಿರಲಿಲ್ಲ. ಕಣ್ಣಳತೆಯಲ್ಲಿ ಒಂದು ಜಾಗ ಹಿಡಿದು ಕೂರಿಸಿದೆ. ನೀನೇ ಕಲಿಸಿದ್ದ ಹಾಗೆ ಶ್ರುತಿ ತೋರಿಸುವ ಟ್ಯೂನರ್ ಸಿಕ್ಕಿಸಿ ಒಂದೊಂದೇ ತಂತಿ ಬಿಗಿ ಮಾಡಿದೆ. ಆರಕ್ಕೂ ಹಸಿರು ದೀಪ ಬಂತು. ಎಲ್ಲ ಸರಿ ಹೋಯಿತು ಎಂದು ಮಲಗಿದೆ.

ಬಿಡಿ ತಂತಿ ಸರಿಯಿದ್ದರೆ ಸಾಲದು ಎಂದು ನನಗೇನು ಗೊತ್ತಿತ್ತು, ಪುಟ್ಟಿ. ಬ್ರಿಜ್ ಕುತ್ತಿಗೆಯ ಕಡೆಗೆ ಸುಮಾರು ಒಂದು ಸೆಂಟಿಮೀಟರ್ ಸರಿದಿತ್ತು. ಕುತ್ತಿಗೆಯ ತುದಿಯ ಕಡೆಯ ಫ್ರೆಟ್‌ಗಳಲ್ಲಿ, ಅಂದರೆ ಆ ಲೋಹದ ಅಡ್ಡಪಟ್ಟಿಗಳಲ್ಲಿ, ಹೇಗೋ ನಡೆಯಿತು. ನಿನ್ನ ಕೈ ಬ್ರಿಜ್ ಕಡೆಗೆ ಬಂದಂತೆ ಸ್ವರ ಇರಬೇಕಾದ್ದಕ್ಕಿಂತ ಏರುತ್ತಾ ಹೋಯಿತು. ನೀನು ಕತ್ತು ಬಗ್ಗಿಸಿ ಗಿಟಾರಿಗೆ ಕಿವಿ ಹಚ್ಚಿದ್ದನ್ನು ಮೂರನೇ ಸಾಲಿನಿಂದ ನೋಡಿದೆ. ಏನೋ ತಪ್ಪಾಗಿದೆ ಎಂದು ಆ ಸಭೆಯಲ್ಲಿ ಮೊದಲು ಕೇಳಿಸಿದ್ದು ನಿನಗೇ. ಆದರೂ ತೀರ್ಪುಗಾರರು ಮೈಕಿನಲ್ಲಿ, ಮೊದಲು ಶ್ರುತಿ ಕೇಳಿಸಿಕೊಳ್ಳುವುದನ್ನು ಕಲಿ ಅಂದರು. ದಾಂಡೇಲಿಯವರೆಗೂ ನೀನು ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಏಳು ತಿಂಗಳು ಗಿಟಾರ್ ಅಟ್ಟದ ಮೇಲಿತ್ತು. ಆಮೇಲೆ ಬೆಂಗಳೂರಿನ ಅಂಗಡಿಯಲ್ಲಿ ಆ ಹುಡುಗ ಅಳತೆಪಟ್ಟಿ ಇಟ್ಟು ನೋಡಿ ಬ್ರಿಜ್ ಸರಿಪಡಿಸಿದ. "ಅಟ್ಟದಲ್ಲಿಟ್ಟಾಗ ಸರಿದಿರಬೇಕು" ಅಂದ. ನೀನು ನನ್ನ ಕಡೆ ನೋಡಿದೆ. ನಾನು ಹೂಂ ಅಂದೆ. ಬ್ರಿಜ್ ಸರಿದದ್ದು ಗೊತ್ತಿಲ್ಲದೆ ಆದ ತಪ್ಪು. ಈ ಹೂಂ ಹಾಗಲ್ಲ. ಗೊತ್ತಿದ್ದೂ ಅಂದದ್ದು. ಅದು ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ. ನೀನು ಮತ್ತೆ ನುಡಿಸಲು ಶುರು ಮಾಡಿದಾಗ, ಇನ್ನು ಹೇಳಿ ಏನಾಗಬೇಕು ಅಂದುಕೊಂಡೆ. ನಿನ್ನ ಕಿವಿಯ ಮೇಲೆ ನೀನೇ ಅನುಮಾನ ಇಟ್ಟುಕೊಂಡು ಬದುಕಿದ್ದೀ ಎಂದು ಭಾನುವಾರದವರೆಗೂ ನನಗೆ ಹೊಳೆಯಲಿಲ್ಲ. ಕ್ಷಮಿಸು ಮಗಳೇ.

ಆ ಅಂಗಡಿಯಲ್ಲಿ ಇನ್ನೊಬ್ಬ, "ಇದು ಬರೀ ಪ್ಲೈವುಡ್ ಗಿಟಾರ್" ಅಂದಿದ್ದ, ನೆನಪಿದೆಯಾ? ನಿನ್ನ ಮುಖ ಸಣ್ಣದಾಯಿತು. ಅವತ್ತು ನಾನು ತಪ್ಪಿತಸ್ಥನ ಹಾಗೆ ನಿಂತಿದ್ದೆ, ಜಗಳಕ್ಕೆ ಹೋಗಲಿಲ್ಲ. ಈಗ ಹೇಳುತ್ತೇನೆ. ಗಿಬ್ಸನ್ ಕಂಪನಿಯವರು 1922ರಲ್ಲಿ ತಂದ ಎಲ್-5 ಗಿಟಾರಿನ ಮೇಲ್ಮೈ ಪಿಟೀಲಿನ ಹಾಗೆ ಇಡೀ ಮರದಲ್ಲಿ ಕೆತ್ತಿದ್ದು, ನಿಜ. ಆದರೆ ಆಂಪ್ಲಿಫೈಯರ್ ಬಂದ ಮೇಲೆ ಅಂಥ ಗಿಟಾರ್ ಸ್ಪೀಕರ್‌ನ ಸದ್ದಿಗೇ ಅದುರಿ ಕೂಗು ಹಾಕುತ್ತಿತ್ತು. ಅವರೇ 1949ರಲ್ಲಿ ಇಎಸ್-175 ಮಾಡಿದಾಗ ಮೇಪಲ್ ಮರದ ಪದರಗಳನ್ನು ಅಂಟಿಸಿ ಮೇಲ್ಮೈ ಮಾಡಿದರು. ಅಂದರೆ ಪ್ಲೈವುಡ್ಡೇ. ಜಾಝ್ ಗಿಟಾರ್ ವಾದಕರಾದ ಜೋ ಪಾಸ್, ಜಿಮ್ ಹಾಲ್ ನುಡಿಸಿದ್ದು ಅದನ್ನೇ. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಅದಕ್ಕೇ ಬೇಗ ಬಿರುಕು ಬಿಡುವುದಿಲ್ಲ, ಬೇಗ ಸೊಟ್ಟಗಾಗುವುದೂ ಇಲ್ಲ. ನಿನ್ನ ಗಿಟಾರಿನದ್ದೂ ಅಂಥದ್ದೇ ಮೈ. ಯಾರಾದರೂ ಬರೀ ಪ್ಲೈವುಡ್ ಅಂದರೆ ತಲೆ ತಗ್ಗಿಸಬೇಡ.

ನಿನ್ನ ಫ್ಲ್ಯಾಟ್‌ವೌಂಡ್ ತಂತಿಯೂ ನನಗೆ ಮೊದಲು ಅರ್ಥವಾಗಿರಲಿಲ್ಲ. ಟ್ಯೂಷನ್ ಹೇಳಿ ಉಳಿಸಿದ ದುಡ್ಡೆಲ್ಲ ಹಾಕಿ ವಿಯೆನ್ನಾದ ಥೋಮಾಸ್ಟಿಕ್ ತಂತಿ ತರಿಸಿದಾಗ ನಾನು ರೇಗಿದ್ದೆ. ಆಮೇಲೊಂದು ದಿನ ಭೂತಗನ್ನಡಿ ಹಿಡಿದು ನೋಡಿದೆ. ಮಾಮೂಲಿ ತಂತಿಯಲ್ಲಿ ನಡುವಿನ ಉಕ್ಕಿನ ಎಳೆಗೆ ದುಂಡು ತಂತಿ ಸುತ್ತಿರುತ್ತಾರೆ. ಮೈಯೆಲ್ಲ ಏಣು. ಬೆರಳು ಜಾರಿದರೆ ಕೀರ್ ಅನ್ನುತ್ತದೆ. ಇದರಲ್ಲಿ ಸುತ್ತಿರುವುದು ಚಪ್ಪಟೆ ಪಟ್ಟಿ. ನಾವು ಕಾರ್ಖಾನೆಯಲ್ಲಿ ದಿಮ್ಮಿಯನ್ನು ತಿರುಗಿಸುತ್ತಾ ವಿನೀರ್, ಅಂದರೆ ಮರದ ತೆಳು ಹಾಳೆ, ಸುಲಿಯುತ್ತಿದ್ದೆವು. ಇಲ್ಲಿ ಅದನ್ನೇ ತಿರುಗುಮುರುಗು ಮಾಡಿದ ಹಾಗೆ ಕಂಡಿತು. ನೀನು ಕಣ್ಣು ಮುಚ್ಚಿ ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಜಾರುವಾಗ ಬೆರಳಿನ ಸದ್ದೇ ಇರುತ್ತಿರಲಿಲ್ಲ. ಸ್ವರ ದಪ್ಪಗೆ, ಮೆತ್ತಗೆ ಬರುತ್ತಿತ್ತು. ನಾನು ಮೊದಲ ಪಾಳಿಗೆ ಹೋಗುವ ದಿನಗಳಲ್ಲಿ ರಾತ್ರಿ ಆ ಸದ್ದಿಗೇ ನಿದ್ದೆ ಹತ್ತುತ್ತಿತ್ತು. ನಿನಗೆ ಯಾವತ್ತೂ ಹೇಳಲಿಲ್ಲ.

ನೀನು ಹೇಳಿದ ಜಾಝ್ ಗಿಟಾರ್ ವಾದಕರಲ್ಲಿ ನನ್ನ ಮನಸ್ಸಿನಲ್ಲಿ ಉಳಿದವನು ವೆಸ್ ಮಾಂಟ್ಗೋಮರಿ. ಇಂಡಿಯಾನಾಪೊಲಿಸ್‌ನಲ್ಲಿ ಹಗಲು ಕಾರ್ಖಾನೆ ಕೆಲಸ, ರಾತ್ರಿ ಕ್ಲಬ್ಬಿನಲ್ಲಿ ಗಿಟಾರ್. ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಎಂದು ಹೆಬ್ಬೆರಳಿನಲ್ಲಿ ನುಡಿಸಿದ. ಆಮೇಲೆ ಅದೇ ಅವನ ಗುರುತಾಯಿತು. ಪಾಳಿ ಮುಗಿಸಿ ಬಂದವನ ಮೈ ಎಷ್ಟು ಸೋತಿರುತ್ತದೆ ಎಂದು ನನಗೆ ಗೊತ್ತು. ಆದರೆ 1968ರಲ್ಲಿ, 45ನೇ ವಯಸ್ಸಿಗೇ ಹೃದಯಾಘಾತದಲ್ಲಿ ಹೋಗಿಬಿಟ್ಟ. ಚಾರ್ಲಿ ಕ್ರಿಶ್ಚಿಯನ್ ಇನ್ನೂ ಚಿಕ್ಕವನು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ, 1942ರಲ್ಲಿ ಕ್ಷಯದಿಂದ ತೀರಿಕೊಂಡ. 25 ವರ್ಷ. ನಿನಗೀಗ 24. ಕ್ಲಬ್ಬಿನಲ್ಲಿ ನುಡಿಸು, ಬೇಡ ಅನ್ನುವುದಿಲ್ಲ. ಆದರೆ ರಾತ್ರಿ ಎರಡಕ್ಕೆ ಬಂದು ಬೆಳಿಗ್ಗೆ ತಿಂಡಿ ಬಿಟ್ಟು ಕ್ಲಾಸಿಗೆ ಓಡಬೇಡ. ಕೆಮ್ಮು ಎರಡು ವಾರ ದಾಟಿದರೆ ಡಾಕ್ಟರ್ ಹತ್ತಿರ ಹೋಗು. ಅನ್ನ ಮಾಡಿಕೊಳ್ಳಲು ಬೇಜಾರಾದರೆ ಅವಲಕ್ಕಿಯಾದರೂ ಕಲಸಿ ತಿನ್ನು. ಒಬ್ಬಳೇ ತಡರಾತ್ರಿ ನಡೆದು ಬರಬೇಡ, ಟ್ಯಾಕ್ಸಿ ದುಡ್ಡು ನಾನು ಕಳಿಸುತ್ತೇನೆ. ಭಾಷಣ ಮಾಡಬಾರದು ಎಂದೇ ಕೂತಿದ್ದೆ. ಬರೆದದ್ದನ್ನು ಹೊಡೆದು ಹಾಕಲು ಮನಸ್ಸಿಲ್ಲ.

ಗಿಟಾರಿಗೂ ಎರಡು ಮಾತು. ಚಳಿಗಾಲದಲ್ಲಿ ಅಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ತುಂಬಾ ಒಣಗುತ್ತದಂತೆ. ಪ್ಲೈವುಡ್ ತಡೆದುಕೊಳ್ಳುತ್ತದೆ. ಬೆರಳಿಡುವ ಪಟ್ಟಿ ಬೀಟೆಯದು, ಒಂದೇ ಮರ. ಅದು ಕುಗ್ಗಿದರೆ ಫ್ರೆಟ್ ತುದಿಗಳು ಹೊರಗೆ ಬಂದು ಕೈ ಗೀರುತ್ತವೆ. ಕೋಣೆಯ ತೇವಾಂಶ ಶೇಕಡ 45ರಿಂದ 50ರ ಒಳಗಿರಲಿ. ಬೀಟೆ ಎಂದ ಕೂಡಲೇ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೇನೋ ಎಂದು ಬೇರೆ ಹೆದರಿದ್ದೆ. 2017ರಲ್ಲಿ ಬಂದ ಅಂತಾರಾಷ್ಟ್ರೀಯ ನಿರ್ಬಂಧದಿಂದ ತಯಾರಾದ ವಾದ್ಯಗಳನ್ನು 2019ರ ಕೊನೆಗೆ ಬಿಟ್ಟಿದ್ದಾರೆ ಎಂದು ಓದಿದ ಮೇಲೆ ಸಮಾಧಾನವಾಯಿತು. ತಂತಿ ಬದಲಿಸುವಾಗ ಒಂದನ್ನು ಬಿಚ್ಚಿ, ಅದನ್ನು ಹಾಕಿದ ಮೇಲೆಯೇ ಇನ್ನೊಂದು. ನಿನಗೆ ಗೊತ್ತು. ಆದರೂ ಬರೆಯುತ್ತೇನೆ. ಒಂದೊಂದೇ.

ವಿಮಾನಕ್ಕೆಂದು ನೀನು ತಂತಿ ಸಡಿಲಿಸಿದ್ದೀ. ದಾರಿಯಲ್ಲಿ ಬ್ರಿಜ್ ಸರಿದಿರಬಹುದು. ಕೇಸಿನ ಚಿಕ್ಕ ಖಾನೆಯಲ್ಲಿ ಒಂದು ವಿನೀರ್ ಪಟ್ಟಿ ಇಟ್ಟಿದ್ದೇನೆ. ಎಳೆ ಉದ್ದಕ್ಕೆ ಬರುವ ಹಾಗೆ ಕತ್ತರಿಸಿದ್ದೇನೆ, ಆ ದಿಕ್ಕಿನಲ್ಲಿ ಮರ ಹಿಗ್ಗುವುದು ಕುಗ್ಗುವುದು ತೀರಾ ಕಡಿಮೆ. ಒಂದು ತುದಿಯನ್ನು ಮೇಲಿನ ನಟ್‌ಗೆ, ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಗೆ, ತಾಗಿಸಿ ಹಿಡಿ. ಕೆಂಪು ಗೆರೆ ದಪ್ಪ ತಂತಿಯ ಕಡೆಗೆ, ನೀಲಿ ಗೆರೆ ಸಣ್ಣ ತಂತಿಯ ಕಡೆಗೆ. ಬ್ರಿಜ್ ಸ್ವಲ್ಪ ಓರೆ ಕೂರುತ್ತದೆ, ಅದಕ್ಕೇ ಎರಡು ಗೆರೆ. ಆಮೇಲೆ ನಿನ್ನ ಕಿವಿ ಏನು ಹೇಳುತ್ತದೋ ಹಾಗೆ ಸರಿಮಾಡಿಕೋ.

ನೀನು ಸಡಿಲಿಸುವ ಮೊದಲೇ, ಅಮ್ಮ ಟಾರ್ಚ್ ಹಿಡಿದುಕೊಂಡಿದ್ದಾಗ ಅಳೆದದ್ದು. ತಂತಿ ಒಂದನ್ನೂ ಬಿಚ್ಚಿಲ್ಲ.

ನಿನ್ನ
ಅಪ್ಪ